ಐಪ್ಯಾಡಿನ ಎದುರಾಳಿಗಳು: ಸೋತದ್ದೆಲ್ಲಿ, ಉಳಿದದ್ದು ಹೇಗೆ

2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಪ್ಯಾಡನ್ನು ಲೋಕಕ್ಕೆ ತೋರಿಸಿದಾಗ, ಬೆಲೆಯ ಮಾತು ಬಂದ ಗಳಿಗೆಯಲ್ಲಿ ವೇದಿಕೆಯ ಪರದೆಯ ಮೇಲೆ ಮೊದಲು ಮೂಡಿದ್ದು 999 ಡಾಲರ್ ಎಂಬ ಅಂಕಿ. ಮಾರುಕಟ್ಟೆ ಬಲ್ಲವರು ಊಹಿಸಿದ್ದ ಬೆಲೆ ಅದು. ನೋಡನೋಡುತ್ತಿದ್ದಂತೆ ಅದು ಬಿದ್ದುಹೋಗಿ 499 ಬಂದು ಕೂತಿತು. ಏಪ್ರಿಲ್ 3ಕ್ಕೆ ಮಾರಾಟ ಶುರುವಾಯಿತು. ಮೊದಲ ದಿನ ಮೂರು ಲಕ್ಷ, 28 ದಿನಗಳಲ್ಲಿ ಹತ್ತು ಲಕ್ಷ, ವರ್ಷ ಮುಗಿಯುವ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಐಪ್ಯಾಡ್‌ಗಳು ಜನರ ಕೈಸೇರಿದ್ದವು. ಅಲ್ಲಿಂದ ಮುಂದೆ ಎರಡು ಮೂರು ವರ್ಷ ಕಂಪ್ಯೂಟರ್ ಉದ್ಯಮವನ್ನು ಕಾಡಿದ್ದು ಒಂದೇ ಪ್ರಶ್ನೆ: ಇದಕ್ಕೆ ಎದುರು ನಿಲ್ಲಬಲ್ಲ ಟ್ಯಾಬ್ಲೆಟ್ಟನ್ನು ಬೇರೆಯವರು ಮಾಡಬಲ್ಲರೇ? ಈಗ ಹಿಂದಿರುಗಿ ನೋಡಿದರೆ ಆ ಪ್ರಶ್ನೆಯನ್ನು ಕೇಳಿಕೊಂಡ ರೀತಿಯಲ್ಲೇ ತಪ್ಪಿತ್ತು ಎನಿಸುತ್ತದೆ. ಐಪ್ಯಾಡಿನಂಥದೇ ಯಂತ್ರವನ್ನು ಮಾಡಲು ಹೊರಟವರೆಲ್ಲ ಸೋತರು. ಟ್ಯಾಬ್ಲೆಟ್ಟಿನ ಬೆನ್ನಿಗೆ ತಮ್ಮದೇ ಆದ ಇನ್ನೊಂದು ಕಸುಬು ಇದ್ದವರು ಮಾತ್ರ ಉಳಿದರು. ಉಳಿದವರು ಮುಂದೆ ಆ್ಯಪಲ್ಲಿನ ನಡೆಯನ್ನೂ ಬದಲಿಸಿದರು.

ಆ್ಯಪಲ್ ಗೆದ್ದದ್ದು ಮೊದಲು ಬಂದದ್ದರಿಂದ ಎಂಬ ಮಾತನ್ನು ಮೊದಲು ಬದಿಗಿಡಬೇಕು. ಅದು ಮೊದಲು ಬರಲೇ ಇಲ್ಲ. ಹಲಗೆಯಂತೆ ಕೈಯಲ್ಲಿ ಹಿಡಿದು ಓದಿ ಬರೆಯಬಲ್ಲ ಕಂಪ್ಯೂಟರಿನ ಕನಸನ್ನು ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ 1972ರಲ್ಲೇ ಬರೆದಿಟ್ಟಿದ್ದರು. ಅವರು ಅದಕ್ಕಿಟ್ಟ ಹೆಸರು ಡೈನಾಬುಕ್, ಅದು ಮಕ್ಕಳ ಕೈಗೆಂದು ಯೋಚಿಸಿದ ಯಂತ್ರ. 1989ರಲ್ಲಿ ಗ್ರಿಡ್‌ಪ್ಯಾಡ್ ಮಾರುಕಟ್ಟೆಗೆ ಬಂತು. 1993ರಲ್ಲಿ ಆ್ಯಪಲ್ ತಾನೇ ನ್ಯೂಟನ್ ಎಂಬ ಕೈಬರಹ ಓದುವ ಸಾಧನವನ್ನು ತಂದಿತು. ಬರೆದದ್ದನ್ನು ಅದು ತಪ್ಪುತಪ್ಪಾಗಿ ಓದಿ ಹೆಸರು ಕೆಡಿಸಿಕೊಂಡಿತು, 1998ರಲ್ಲಿ ಜಾಬ್ಸ್ ಅದನ್ನು ನಿಲ್ಲಿಸಿಬಿಟ್ಟರು. 2000ದ ನವೆಂಬರಿನಲ್ಲಿ ಬಿಲ್ ಗೇಟ್ಸ್ ಟ್ಯಾಬ್ಲೆಟ್ ಪಿಸಿಯ ಮಾದರಿಯನ್ನು ತೋರಿಸಿದರು, ಎರಡು ವರ್ಷದ ಮೇಲೆ ಅದು ಅಂಗಡಿಗೂ ಬಂತು. ಮೈಕ್ರೋಸಾಫ್ಟ್ ಆಗ ಆ್ಯಪಲ್ಲಿಗಿಂತ ಎಷ್ಟೋ ಪಾಲು ದೊಡ್ಡ ಕಂಪನಿ. ಆದರೂ ಮೇಜಿನ ಮೇಲಿನ ವಿಂಡೋಸನ್ನೇ ಪರದೆಯ ಮೇಲೆ ಕೂರಿಸಿ, ಮೌಸಿನ ಬದಲು ಬರೆಯುವ ಕಡ್ಡಿ ಕೊಟ್ಟಿದ್ದ ಆ ಯಂತ್ರ ಭಾರವಾಗಿತ್ತು, ದುಬಾರಿಯಾಗಿತ್ತು. ಆಸ್ಪತ್ರೆ, ಗೋದಾಮುಗಳಂಥ ಕೆಲವು ಕಡೆ ಬಿಟ್ಟರೆ ಜನ ಅದನ್ನು ಮೂಸಲಿಲ್ಲ. ಹಾಗಾಗಿ ಮೊದಲಿಗರೆಂಬುದಾಗಲೀ ಹೆಸರಿನ ಬಲವಾಗಲೀ ಈ ಗೆಲುವನ್ನು ವಿವರಿಸಲಾರವು. ಆ್ಯಪಲ್ ಎಂಬ ಹೆಸರೇ ಸಾಕಾಗಿದ್ದರೆ ನ್ಯೂಟನ್ ಬದುಕಬೇಕಿತ್ತು.

2010ರ ಹೊತ್ತಿಗೆ ಆ್ಯಪಲ್ಲಿನ ಹತ್ತಿರ ನ್ಯೂಟನ್ ಕಾಲದಲ್ಲಿ ಇಲ್ಲದ ಮೂರು ಸಂಗತಿಗಳಿದ್ದವು, ಮೂರೂ ಟ್ಯಾಬ್ಲೆಟ್ಟಿನ ಹೊರಗೆ ಬೆಳೆದವು. ಐಪಾಡ್ ಹಾಡುಪೆಟ್ಟಿಗೆಯ ದಿನಗಳಿಂದ ಕಟ್ಟುತ್ತ ಬಂದ ಐಟ್ಯೂನ್ಸ್ ಮಳಿಗೆ ಒಂದು. 2011ರ ಮಾರ್ಚಿನಲ್ಲಿ ಜಾಬ್ಸ್ ಹೇಳಿದಂತೆ, ಕ್ರೆಡಿಟ್ ಕಾರ್ಡಿನ ವಿವರ ಸಹಿತ ಇಪ್ಪತ್ತು ಕೋಟಿ ಖಾತೆಗಳು ಆ್ಯಪಲ್ಲಿನ ಕೈಯಲ್ಲಿದ್ದವು. ಇನ್ನೊಂದು, ಐಫೋನಿಗಾಗಿ 2008ರ ಜುಲೈಯಲ್ಲಿ ತೆರೆದ ಆ್ಯಪ್ ಸ್ಟೋರ್. ಐಪ್ಯಾಡ್ ಬಂದ ದಿನವೇ ಅಲ್ಲಿನ ಸಾವಿರಾರು ಆ್ಯಪ್‌ಗಳು ಅದರ ಮೇಲೆ ಓಡುತ್ತಿದ್ದವು, ಅವನ್ನು ಬರೆಯಬಲ್ಲ ಕುಶಲಿಗಳೂ ಆ ಹೊತ್ತಿಗೆ ಪಳಗಿದ್ದರು. ಮೂರನೆಯದು ಯಾರ ಕಣ್ಣಿಗೂ ಬೀಳದ್ದು, ನನ್ನ ಎಣಿಕೆಯಲ್ಲಿ ಅದೇ ನಿರ್ಣಾಯಕವಾದದ್ದು: ಬಿಡಿಭಾಗಗಳ ಖರೀದಿ. 2005ರಲ್ಲೇ ಆ್ಯಪಲ್ ಸ್ಯಾಮ್‌ಸಂಗ್, ಹೈನಿಕ್ಸ್, ಇಂಟೆಲ್, ಮೈಕ್ರಾನ್, ತೋಷಿಬಾ ಕಂಪನಿಗಳಿಗೆ 125 ಕೋಟಿ ಡಾಲರ್ ಮುಂಗಡ ಕೊಟ್ಟು 2010ರವರೆಗೆ ಬೇಕಾಗುವ ಫ್ಲ್ಯಾಷ್ ಮೆಮೊರಿಯನ್ನು ಕಾಯ್ದಿರಿಸಿಕೊಂಡಿತ್ತು. ಹಾಡುಪೆಟ್ಟಿಗೆಗಾಗಿ ಕಲಿತ ಈ ಸಗಟು ಖರೀದಿಯ ವಿದ್ಯೆ ಮುಂದೆ ಫೋನಿಗೂ ಟ್ಯಾಬ್ಲೆಟ್ಟಿಗೂ ದಕ್ಕಿತು. 499 ಡಾಲರಿಗೆ ಮಾರಿ ಲಾಭವನ್ನೂ ಉಳಿಸಿಕೊಳ್ಳಲು ಸಾಧ್ಯವಾದದ್ದು ಇಂಥ ತಯಾರಿಯಿಂದ. ಐಪ್ಯಾಡನ್ನು ಬರಿಯ ದೊಡ್ಡ ಐಫೋನ್ ಎಂದು ಹಳಿದವರು ಅಂದು ಬಹಳ ಮಂದಿ ಇದ್ದರು. ಫೋನಿಗೆಂದು ಕಟ್ಟಿದ ಮಳಿಗೆ, ಕಸುಬುದಾರರು, ಸರಬರಾಜು ಎಲ್ಲವೂ ಹಾಗೆಯೇ ಅದರ ಬೆನ್ನಿಗೆ ನಿಂತದ್ದೇ ಅದರ ಶಕ್ತಿ ಎಂಬುದು ಅವರಿಗೆ ಕಾಣಲಿಲ್ಲ.

2011 ಎದುರಾಳಿಗಳ ವರ್ಷ. ಆ ವರ್ಷದ ಕಥೆಯನ್ನು ನಿಧಾನವಾಗಿ ಓದಬೇಕು. ಫೆಬ್ರವರಿಯಲ್ಲಿ ಮೋಟೊರೋಲಾದ ಝೂಮ್ ಬಂತು. ಗೂಗಲ್ ಟ್ಯಾಬ್ಲೆಟ್ಟಿಗೆಂದೇ ಬರೆದ ಆಂಡ್ರಾಯ್ಡ್ 3.0, ಅಂದರೆ ಹನಿಕೋಂಬ್, ಮೊದಲು ಓಡಿದ್ದು ಅದರಲ್ಲೇ. ಎರಡು ಕೋರ್‌ಗಳ ಪ್ರೊಸೆಸರ್, ಹಿಂದೆ ಮುಂದೆ ಎರಡೂ ಕಡೆ ಕ್ಯಾಮೆರಾ: ಕಾಗದದ ಮೇಲೆ ಮೊದಲ ಐಪ್ಯಾಡಿಗಿಂತ ಮೇಲಾದ ಯಂತ್ರ. ಬೆಲೆ ಮಾತ್ರ 799 ಡಾಲರ್. ಕೆಲವೇ ದಿನಗಳಲ್ಲಿ ಐಪ್ಯಾಡ್ 2 ಹೊರಬಿತ್ತು, ಬೆಲೆ ಅದೇ 499. ಅಂದಿನ ವೇದಿಕೆಯಲ್ಲಿ ಆ್ಯಪಲ್ ಮುಂದಿಟ್ಟ ಲೆಕ್ಕದಂತೆ ಐಪ್ಯಾಡಿಗೆಂದೇ ರೂಪಿಸಿದ ಆ್ಯಪ್‌ಗಳು 65,000, ಹನಿಕೋಂಬಿನವು ನೂರರ ಸುಮಾರು. ಪ್ರತಿಸ್ಪರ್ಧಿಯ ಬಾಯಿಂದ ಬಂದ ಅಂಕಿಯೆಂದು ಅದನ್ನು ಅರ್ಧಕ್ಕಿಳಿಸಿ, ಎದುರು ಪಕ್ಷದ್ದನ್ನು ಹತ್ತು ಪಟ್ಟು ಏರಿಸಿದರೂ ಅಂತರ ತುಂಬುವುದಿಲ್ಲ. ಏಪ್ರಿಲಿನಲ್ಲಿ ಬ್ಲ್ಯಾಕ್‌ಬೆರಿಯ ಪ್ಲೇಬುಕ್ ಬಂತು. ಇಮೇಲಿನಿಂದಲೇ ಲೋಕಪ್ರಸಿದ್ಧವಾದ ಆ ಕಂಪನಿಯ ಟ್ಯಾಬ್ಲೆಟ್ಟಿನಲ್ಲಿ ಇಮೇಲ್ ಆ್ಯಪ್ ಇರಲಿಲ್ಲ, ಬ್ಲ್ಯಾಕ್‌ಬೆರಿ ಫೋನನ್ನು ಜೋಡಿಸಿಕೊಂಡೇ ಅಂಚೆ ನೋಡಬೇಕಿತ್ತು. ಆ ಕೊರತೆ ನೀಗುವ ಹೊತ್ತಿಗೆ 2012 ಬಂದಿತ್ತು. ಅಷ್ಟರಲ್ಲಿ ಮಾರಾಟವಾಗದೆ ಉಳಿದ ಪ್ಲೇಬುಕ್‌ಗಳ ಬಾಬ್ತು ಕಂಪನಿ 48.5 ಕೋಟಿ ಡಾಲರ್ ನಷ್ಟ ಬರೆದುಕೊಂಡಾಗಿತ್ತು. ಜುಲೈ 1ಕ್ಕೆ ಎಚ್‌ಪಿಯ ಟಚ್‌ಪ್ಯಾಡ್ ಅಂಗಡಿಗೆ ಬಂತು. ಅದರ ಒಳಗಿದ್ದ ವೆಬ್‌ಓಎಸ್‌ಗಾಗಿ ಎಚ್‌ಪಿ ಹಿಂದಿನ ವರ್ಷ 120 ಕೋಟಿ ಡಾಲರ್ ಸುರಿದು ಪಾಮ್ ಕಂಪನಿಯನ್ನೇ ಕೊಂಡಿತ್ತು. ತೆರೆದಿಟ್ಟ ಕೆಲಸಗಳನ್ನು ಇಸ್ಪೀಟ್ ಎಲೆಗಳ ಹಾಗೆ ಬದಿಗೆ ಸರಿಸುವ ಅದರ ಬಗೆ ಬಹಳ ಚೆಂದದ್ದು, ಮುಂದೆ ಎಲ್ಲ ಫೋನುಗಳೂ ಅದನ್ನು ಎತ್ತಿಕೊಂಡವು. ಆದರೂ ಅಂಗಡಿಗೆ ಬಂದ ಏಳು ವಾರಗಳಲ್ಲಿ, ಆಗಸ್ಟ್ 18ರಂದು, ಎಚ್‌ಪಿ ಅದನ್ನು ಕೈಬಿಟ್ಟಿತು.

ಆ ಬಳಿಕ ನಡೆದ ಸಂಗತಿಯೊಂದನ್ನು ನನ್ನ ವಾದಕ್ಕೆ ಎದುರಾಗಿ ಹಿಡಿಯಬಹುದು. ಉಳಿದ ಟಚ್‌ಪ್ಯಾಡ್‌ಗಳನ್ನು ಎಚ್‌ಪಿ 99 ಡಾಲರಿಗೆ ಇಳಿಸಿದ್ದೇ ತಡ, ಜನ ಮುಗಿಬಿದ್ದು ಕೊಂಡೊಯ್ದರು. ಹಾಗಾದರೆ ಆ್ಯಪ್, ಮಳಿಗೆ ಎಂಬುದೆಲ್ಲ ನೆಪ, ಅಡ್ಡಿಯಾಗಿದ್ದುದು ಬೆಲೆಯೊಂದೇ ಅಲ್ಲವೇ? ಬೆಲೆ ಅಡ್ಡಿಯಾಗಿತ್ತು ಎಂಬುದು ನಿಜ. ಆದರೆ ಪ್ರತಿಯೊಂದರ ಮೇಲೂ ಕೈಯಿಂದ ನೂರಾರು ಡಾಲರ್ ಕಳೆದುಕೊಳ್ಳುವ ಬೆಲೆಗೆ ಯಾವ ಯಂತ್ರ ತಯಾರಕನೂ ಹೆಚ್ಚು ದಿನ ವ್ಯಾಪಾರ ಮಾಡಲಾರ. ಅಷ್ಟು ಅಗ್ಗಕ್ಕೆ ಕೊಟ್ಟು ಉಳಿಯಬೇಕೆಂದರೆ ಹಣ ಬೇರೆ ಕಡೆಯಿಂದ ಹುಟ್ಟಬೇಕು. ಆ ಬೇರೆ ಕಡೆ ಇದ್ದದ್ದು ಅಮೆಜಾನಿನ ಬಳಿ. ಅದೇ ವರ್ಷದ ಸೆಪ್ಟೆಂಬರ್ 28ರಂದು ಅದು ಕಿಂಡಲ್ ಫೈರನ್ನು 199 ಡಾಲರಿಗೆ ಘೋಷಿಸಿತು. ಅದನ್ನು ಬಿಚ್ಚಿ ಲೆಕ್ಕ ಹಾಕಿದ ವಿಶ್ಲೇಷಕರ ಅಂದಾಜಿನಲ್ಲಿ ತಯಾರಿಕೆಯ ಖರ್ಚೇ ಹತ್ತಿರಹತ್ತಿರ ಅಷ್ಟಿತ್ತು. ಏಳು ಅಂಗುಲದ ಪರದೆ, ಕ್ಯಾಮೆರಾ ಇಲ್ಲ, ಯಾವ ಲೆಕ್ಕದಲ್ಲೂ ಐಪ್ಯಾಡಿಗೆ ಸಮನಲ್ಲ. ಅದು ಸಮನಾಗಲು ಹೊರಟೂ ಇರಲಿಲ್ಲ. ಪುಸ್ತಕ, ಸಿನಿಮಾ, ದಿನಬಳಕೆಯ ಸಾಮಾನು ಮಾರುವ ಅಂಗಡಿ ಗಿರಾಕಿಯ ಕೈಗಿತ್ತ ಬಾಗಿಲು ಅದು. ಸಾಧನವನ್ನು ಕೊಂಡಾಗ ಅಲ್ಲ, ಬಳಸಿದಾಗ ತಮಗೆ ಲಾಭ ಬರಲಿ ಎಂದು ಅಮೆಜಾನಿನ ಅಂದಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿಯೇ ಹೇಳುತ್ತಿದ್ದರು. ಮರುವರ್ಷ ಗೂಗಲ್ ಏಸಸ್ ಕಂಪನಿಯಿಂದ ಮಾಡಿಸಿದ ನೆಕ್ಸಸ್ 7 ಕೂಡ ಅದೇ 199 ಡಾಲರಿಗೆ ಬಂತು; ಅದರ ಹಿಂದೆ ಜಾಹೀರಾತಿನ ಹಣವಿತ್ತು.

ಸ್ಯಾಮ್‌ಸಂಗಿನ ದಾರಿ ಬೇರೆ. ಪರದೆ, ಮೆಮೊರಿ, ಚಿಪ್ಪು ಎಲ್ಲವನ್ನೂ ತಾನೇ ಮಾಡಬಲ್ಲ ಕಂಪನಿ ಅದು. ಮೊದಲ ಐಪ್ಯಾಡಿನ ಎ4 ಚಿಪ್ಪು ತಯಾರಾದದ್ದೂ ಅದರ ಕಾರ್ಖಾನೆಯಲ್ಲೇ. ಬೆಲೆಯಲ್ಲಿ ಆ್ಯಪಲ್ಲಿಗೆ ಸರಿಗಟ್ಟಲು ಅದಕ್ಕೆ ಆದದ್ದು ಇದರಿಂದಲೇ. ಆದರೂ ಮೊದಲ ವರ್ಷಗಳಲ್ಲಿ ಅದು ಅನುಕರಣೆಯ ಸೆಳೆತಕ್ಕೆ ಸಿಕ್ಕಿತ್ತು. ಐಪ್ಯಾಡ್ 2 ಬರಿಯ 8.8 ಮಿ.ಮೀ. ದಪ್ಪವೆಂದು ಗೊತ್ತಾದೊಡನೆ, ಆಗಲೇ ಪ್ರದರ್ಶಿಸಿದ್ದ 10.9 ಮಿ.ಮೀ.ನ ಗ್ಯಾಲಕ್ಸಿ ಟ್ಯಾಬ್ 10.1ನ್ನು ಹಿಂದೆ ಕರೆದು 8.6ಕ್ಕೆ ತೆಳುವಾಗಿಸಿತು. ಆ್ಯಪಲ್ ಕೋರ್ಟಿಗೆ ಹೋಯಿತು. ಜರ್ಮನಿಯ ಡ್ಯೂಸೆಲ್ಡಾರ್ಫ್ ನ್ಯಾಯಾಲಯ ಆ ಟ್ಯಾಬಿನ ಮಾರಾಟವನ್ನು ತಡೆಯಿತು. 2012ರ ಜುಲೈಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಕಾಲಿನ್ ಬರ್ಸ್ ಇದಕ್ಕೆ ತದ್ವಿರುದ್ಧವಾಗಿ, ಸ್ಯಾಮ್‌ಸಂಗಿನದು ಆ್ಯಪಲ್ಲಿನ ವಿನ್ಯಾಸದಷ್ಟು ಸೊಗಸಾಗಿಲ್ಲ, ಆದ್ದರಿಂದ ನಕಲಲ್ಲ ಎಂದು ತೀರ್ಪಿತ್ತರು. ಗೆದ್ದ ಪಕ್ಷಕ್ಕೆ ಇದಕ್ಕಿಂತ ನೋವಿನ ಗೆಲುವು ಇರಲಾರದು. ಸ್ಯಾಮ್‌ಸಂಗಿಗೆ ನಿಜವಾದ ಸ್ಥಾನ ದೊರೆತದ್ದು ಬಗೆಬಗೆಯ ಅಳತೆಗಳಲ್ಲಿ, ಬಗೆಬಗೆಯ ಬೆಲೆಗಳಲ್ಲಿ, ಬರೆಯುವ ಕಡ್ಡಿಯ ಸಮೇತ ಟ್ಯಾಬ್ಲೆಟ್ಟುಗಳನ್ನು ತರತೊಡಗಿದ ಮೇಲೆ.

ಇಲ್ಲಿ ಇತಿಹಾಸದ ಒಂದು ತಿರುವನ್ನು ಗಮನಿಸಬೇಕು. ಏಳು ಅಂಗುಲದ ಟ್ಯಾಬ್ಲೆಟ್ಟುಗಳು ಹುಟ್ಟುವಾಗಲೇ ಸತ್ತಿರುತ್ತವೆ ಎಂದು ಜಾಬ್ಸ್ 2010ರ ಅಕ್ಟೋಬರಿನಲ್ಲಿ ಸಾರಿದ್ದರು. ಸರಿಯಾಗಿ ಎರಡು ವರ್ಷಕ್ಕೆ, 2012ರ ಅಕ್ಟೋಬರಿನಲ್ಲಿ, ಆ್ಯಪಲ್ 7.9 ಅಂಗುಲದ ಐಪ್ಯಾಡ್ ಮಿನಿಯನ್ನು ತಂದಿತು. ಬರೆಯುವ ಕಡ್ಡಿಯನ್ನೂ ಅವರು ಹೀಗಳೆದವರೇ. 2015ರಲ್ಲಿ ಐಪ್ಯಾಡ್ ಪ್ರೊ ಜೊತೆ ಆ್ಯಪಲ್ ಪೆನ್ಸಿಲ್ ಬಂತು, ಕೀಲಿಮಣೆಯ ಹೊದಿಕೆಯೂ ಬಂತು. ಕೀಲಿಮಣೆಯ ಟ್ಯಾಬ್ಲೆಟ್ಟನ್ನು ಹಟಹಿಡಿದು ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್. 2012ರ ಸರ್ಫೇಸ್ ಆರ್‌ಟಿಯಲ್ಲಿ ಅದು ಐಪ್ಯಾಡಿನ ಹಾದಿಯಲ್ಲೇ ನಡೆಯಲು ಹೋಗಿ, ಹಳೆಯ ವಿಂಡೋಸ್ ತಂತ್ರಾಂಶಗಳು ಓಡದ ಯಂತ್ರವನ್ನು ಕೊಟ್ಟು, 2013ರಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಬಳಿಕ ತನ್ನದೇ ಬಲಕ್ಕೆ ಮರಳಿತು: ಕಚೇರಿಯ ಕೆಲಸ, ಪೂರ್ತಿ ವಿಂಡೋಸ್. 2014ರ ಸರ್ಫೇಸ್ ಪ್ರೊ 3ರಿಂದ ಅದಕ್ಕೆ ನೆಲೆ ಸಿಕ್ಕಿತು. 2020ರಲ್ಲಿ ಐಪ್ಯಾಡಿಗೆ ಟ್ರ್ಯಾಕ್‌ಪ್ಯಾಡ್ ಕೂಡ ಸೇರಿದಾಗ ಯಾರು ಯಾರನ್ನು ಹಿಂಬಾಲಿಸಿದರೆಂದು ಬಿಡಿಸಿ ಹೇಳಬೇಕಿಲ್ಲ. ಮಾರಾಟದ ಪಟ್ಟಿಯಲ್ಲಿ ಯಾರು ಮೇಲೆ ಎಂಬುದನ್ನೇ ಸ್ಪರ್ಧೆಯ ಅಳತೆಯೆಂದು ಹಿಡಿದರೆ ಈ ಪ್ರಭಾವ ಕಾಣದೇ ಹೋಗುತ್ತದೆ.

ಪಟ್ಟಿಯನ್ನೇ ನೋಡಿ ಎನ್ನುವವರಿಗೂ ಉತ್ತರ ಕೊಡಬೇಕು. ಗಾರ್ಟ್ನರ್ ಸಂಸ್ಥೆಯ ಲೆಕ್ಕದಲ್ಲಿ 2013ರಲ್ಲಿ ಮಾರಾಟವಾದ ಟ್ಯಾಬ್ಲೆಟ್ಟುಗಳಲ್ಲಿ ಶೇ. 62ರಷ್ಟು ಆಂಡ್ರಾಯ್ಡ್, ಶೇ. 36 ಐಪ್ಯಾಡ್. ಹಾಗಾದರೆ ನಾಯಕ ಅಂದೇ ಪದಚ್ಯುತನಾದನೆನ್ನಬಹುದೇ? ಆ 62ರಲ್ಲಿ ಹತ್ತಾರು ಕಂಪನಿಗಳು ಪಾಲುದಾರರು, ಎಷ್ಟೋ ಅಗ್ಗದ ಯಂತ್ರಗಳು ವರ್ಷ ತುಂಬುವ ಮೊದಲೇ ಮೂಲೆ ಸೇರಿದವು. ಒಂದೊಂದು ಕಂಪನಿಯ ಲೆಕ್ಕ ತೆಗೆದರೆ ಆ್ಯಪಲ್ ಅಂದೂ ಮೊದಲು, ಇಂದೂ ಜಗತ್ತಿನ ಮಾರಾಟದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅದರದೇ. 2014ರಿಂದ ಐಪ್ಯಾಡಿನ ಮಾರಾಟ ಕುಗ್ಗಿದ್ದು ನಿಜ, ಆದರೆ ಅದಕ್ಕೆ ಪೆಟ್ಟು ಕೊಟ್ಟವುಗಳಲ್ಲಿ ದೊಡ್ಡ ಪರದೆಯ ಫೋನುಗಳದೇ ಮುಖ್ಯ ಪಾಲು. ಅಂಥದೊಂದನ್ನು ಆ್ಯಪಲ್ ತಾನೇ ಆ ವರ್ಷ ಹೊರತಂದಿತ್ತು.

ಈ ಕಥೆಗೆ ಬೆಂಗಳೂರಿನ ಅಧ್ಯಾಯವೂ ಇದೆ, ಅದನ್ನು ಬಿಟ್ಟು ಬರೆದ ಟ್ಯಾಬ್ಲೆಟ್ ಚರಿತ್ರೆ ಅಪೂರ್ಣ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮೊದಲಾದವರೂ ಎನ್‌ಕೋರ್ ಕಂಪನಿಯವರೂ ಸೇರಿ 1999ರಲ್ಲಿ ಕಟ್ಟಿದ ಟ್ರಸ್ಟು ಸಿಂಪ್ಯೂಟರನ್ನು ರೂಪಿಸಿತು. ಅಂಗೈಯಗಲದ ಸ್ಪರ್ಶಪರದೆ, ಒಳಗೆ ಲಿನಕ್ಸ್, ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್, ಓದಲು ಬಾರದವರಿಗಾಗಿ ಕನ್ನಡದಲ್ಲಿ ಓದಿ ಹೇಳುವ ದನಿ. ಐಪ್ಯಾಡಿಗೆ ಆರು ವರ್ಷ ಮೊದಲು, 2004ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಸುಮಾರು ಹತ್ತು ಸಾವಿರ ರೂಪಾಯಿಗೆ ಬಂತು. ಕೈಯ ಅಲುಗಾಟವನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು. ಕರ್ನಾಟಕದ ಭೂದಾಖಲೆಯ ಕೆಲಸಕ್ಕೂ ಅದನ್ನು ಬಳಸಿದರು. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಕಲ್ಪನೆಯಲ್ಲಿ ಕೊರತೆ ಇರಲಿಲ್ಲ. ರೈತನಿಗೋ ಶಾಲೆಗೋ ದಿನನಿತ್ಯ ಬೇಕಾಗುವ ಮಾಹಿತಿಯನ್ನು ಅದರೊಳಕ್ಕೆ ತುಂಬುವ ವ್ಯವಸ್ಥೆಯಾಗಲೀ ಲಕ್ಷಗಟ್ಟಲೆ ಕೊಳ್ಳುವ ಗಿರಾಕಿಯಾಗಲೀ ಇರಲಿಲ್ಲ, ಕೆಲವೇ ಸಾವಿರಕ್ಕೆ ಬಿಡಿಭಾಗ ಕೊಂಡರೆ ಬೆಲೆ ಇಳಿಯುವುದೂ ಇಲ್ಲ.

2011ರ ಜನವರಿಯಲ್ಲಿ ಬೆಂಗಳೂರಿನ ನೋಷನ್ ಇಂಕ್ ಆ್ಯಡಮ್ ಎಂಬ ಟ್ಯಾಬ್ಲೆಟ್ಟನ್ನು ಕಳಿಸತೊಡಗಿತು. ಬಿಸಿಲಿನಲ್ಲೂ ಓದಬಹುದಾದ ಪಿಕ್ಸೆಲ್ ಕ್ಯೂಐ ಪರದೆ, ತಿರುಗುವ ಕ್ಯಾಮೆರಾ, ಐಪ್ಯಾಡಿಗೆ ನಿಜಕ್ಕೂ ಬೇರೆಯಾದ ಯೋಚನೆ ಅದರಲ್ಲಿತ್ತು. ಗೂಗಲ್ಲಿನ ಆ್ಯಪ್ ಮಳಿಗೆ ಮಾತ್ರ ಇರಲಿಲ್ಲ. ಅದೇ ವರ್ಷ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಆಕಾಶ್ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿದರು, ಸರ್ಕಾರ ತೆತ್ತ ಬೆಲೆ 2,276 ರೂಪಾಯಿ. ಅಮೆಜಾನಿನ ಲೆಕ್ಕಾಚಾರವನ್ನು ಸರ್ಕಾರದ ಹಣದಿಂದ ಮಾಡುವ ಯತ್ನ ಇದೆಂದು ನೋಡಬಹುದಿತ್ತು. ಆದರೆ ಒತ್ತಿ ಒತ್ತಿ ಮುಟ್ಟಬೇಕಾದ ಪರದೆ, ನಿಧಾನದ ಪ್ರೊಸೆಸರ್, ಬೇಗ ಖಾಲಿಯಾಗುವ ಬ್ಯಾಟರಿ ಸೇರಿ ಅದು ಮಕ್ಕಳ ತಾಳ್ಮೆಯನ್ನೇ ಪರೀಕ್ಷಿಸಿತು. ಬೆಲೆಯನ್ನು ಮೊದಲು ನಿಗದಿ ಮಾಡಿ ಕೆಲಸವನ್ನು ಆಮೇಲೆ ಹುಡುಕಿದ್ದರ ಫಲ ಅದು. ಹತ್ತು ವರ್ಷದ ಬಳಿಕ, ಕೊರೊನಾ ಕಾಲದ 2021ರಲ್ಲಿ, ಕರ್ನಾಟಕ ಸರ್ಕಾರ ತನ್ನ ಪದವಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಅಷ್ಟು ಹೊತ್ತಿಗೆ ಸಾಧಾರಣ ಬೆಲೆಯ ಆಂಡ್ರಾಯ್ಡ್ ಟ್ಯಾಬ್ ಕೂಡ ಪಾಠ ಕೇಳಲು, ಪುಟ ಓದಲು ಸಾಕಾಗುವಷ್ಟು ಹದಗೊಂಡಿತ್ತು. ಇಲ್ಲಿ ಐಪ್ಯಾಡ್ ಎಂದೂ ಕಣದಲ್ಲಿರಲೇ ಇಲ್ಲ. ಪದವಿ ತರಗತಿಯ ವಿಜ್ಞಾನ, ವಾಣಿಜ್ಯ, ಕಾನೂನಿನ ಒಳ್ಳೆಯ ಕನ್ನಡ ಪಠ್ಯಗಳನ್ನು ಬೆರಳಂಚಿಗೆ ತಂದುಕೊಡುವ ಮಳಿಗೆಯನ್ನು ಆ್ಯಪಲ್ ಕಟ್ಟಿಲ್ಲ, ಗೂಗಲ್ ಕಟ್ಟಿಲ್ಲ, ಅಮೆಜಾನೂ ಕಟ್ಟಿಲ್ಲ. ಅದನ್ನು ಕಟ್ಟುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೂ ಪ್ರಕಾಶಕರಿಗೂ ಇನ್ನೂ ತೆರೆದೇ ಇದೆ.