ಹೋಲ್ಡರ್ ಒಳಗಿನ ಗಂಟು

ಹಳೆಯ ಮನೆಗಳಲ್ಲಿ ವೈರಿನ ತುದಿಗೆ ತೂಗುವ ಬಲ್ಬಿನ ಹೋಲ್ಡರ್ ಬಿಚ್ಚಿದರೆ ಒಳಗೊಂದು ಪುಟ್ಟ ಗಂಟು ಸಿಗುತ್ತದೆ. ವೈರನ್ನು ಯಾರಾದರೂ ಎಳೆದರೆ ಆ ಎಳೆತವನ್ನು ಗಂಟು ತಡೆದುಕೊಳ್ಳುತ್ತದೆ, ಸ್ಕ್ರೂಗೆ ಸಿಕ್ಕಿಸಿದ ತಂತಿಯ ತುದಿಗಳು ಕಳಚುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ಪಾಠ ಮಾಡಲು ಇದೇ ಗಂಟನ್ನು ಆರಿಸಿಕೊಳ್ಳಲಾಗಿತ್ತು.

ಸುಮಾರು ಹತ್ತು ಜನರ ತರಗತಿ. ತರಬೇತುದಾರ ಒಬ್ಬನನ್ನು ಮುಂದೆ ಕರೆದು ಗಂಟು ಹಾಕುವ ವಿಧಾನವನ್ನು ಬರೀ ಬಾಯಲ್ಲಿ ಹೇಳುತ್ತಿದ್ದ. ಕೇಳಿದವನಿಗೆ ಗಂಟು ಬರುತ್ತಿರಲಿಲ್ಲ. ಇನ್ನೊಬ್ಬನಿಗೆ ಮಾತಾಡದೆ ಮಾಡಿ ತೋರಿಸುತ್ತಿದ್ದ. ಅವನ ಕೈಯಲ್ಲೂ ತಂತಿ ಸಿಕ್ಕುಸಿಕ್ಕು. ಆಮೇಲೆ ಮೂರನೆಯವನ ಸರದಿ. ಮೊದಲು ಅವನ ಅಳುಕು ಕಳೆದು, ಈ ಕೆಲಸ ಎಷ್ಟು ಗೊತ್ತೆಂದು ವಿಚಾರಿಸುವುದು. ಒಂದೊಂದೇ ಹೆಜ್ಜೆ ಮಾಡುತ್ತ ಅದರ ಮುಖ್ಯಾಂಶವನ್ನು ಬಿಡಿಸಿ ಹೇಳುವುದು. ಅವನಿಂದಲೇ ಮಾಡಿಸಿ, ಏನು ಮಾಡುತ್ತಿದ್ದಾನೆಂದು ಅವನ ಬಾಯಿಂದಲೇ ಹೇಳಿಸುವುದು. ಕಡೆಗೆ ಕೆಲಸ ಒಪ್ಪಿಸಿ ಆಗಾಗ ಬಂದು ನೋಡುವುದು. ಈ ನಾಲ್ಕು ಹಂತ ಮುಗಿಯುವಷ್ಟರಲ್ಲಿ ಗಂಟು ಬಂದಿರುತ್ತಿತ್ತು. ಕೆಲಸಗಾರ ಕಲಿಯದಿದ್ದರೆ ತಪ್ಪು ಕಲಿಸಿದವನದು ಎಂಬುದು ತರಗತಿಯ ಮೊದಲ ಪಾಠ.

‘ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ’, ಅಂದರೆ ಟಿಡಬ್ಲ್ಯುಐ ಎಂಬ ಈ ಯೋಜನೆ ಶುರುವಾದದ್ದು 1940ರಲ್ಲಿ. ಚಾನಿಂಗ್ ಡೂಲಿ ಅದರ ಮುಖ್ಯಸ್ಥ. ಮೊದಲ ಮಹಾಯುದ್ಧದಲ್ಲಿ ಹಡಗು ಕಟ್ಟುವವರಿಗಾಗಿ ಚಾರ್ಲ್ಸ್ ಅಲೆನ್ ರೂಪಿಸಿದ್ದ ಕ್ರಮವೇ ಅದಕ್ಕೆ ಬುನಾದಿ. ಶುರುವಿನಲ್ಲೇ ಎದುರಾದದ್ದು ಮಸೂರದ ಗಾಜು ಉಜ್ಜುವ 350 ನುರಿತ ಕೆಲಸಗಾರರ ಕೊರತೆ. ಆ ಕಸುಬನ್ನು ಸಣ್ಣ ಸಣ್ಣ ಕೆಲಸಗಳಾಗಿ ಬಿಡಿಸಿ ನೋಡಿದಾಗ, ವರ್ಷಗಟ್ಟಲೆ ಹಿಡಿಯುತ್ತಿದ್ದ ಕಲಿಕೆ ಕೆಲವೇ ತಿಂಗಳಿಗೆ ಇಳಿಯಿತು.

ಕೆಲಸ ಕಲಿಸುವುದಕ್ಕೆ ಒಂದು ಪಾಠ, ಕೆಲಸದ ವಿಧಾನ ಸುಧಾರಿಸುವುದಕ್ಕೆ ಇನ್ನೊಂದು, ಜನರೊಡನೆ ನಡೆದುಕೊಳ್ಳುವುದಕ್ಕೆ ಮತ್ತೊಂದು. ಒಂದೊಂದಕ್ಕೂ ಹತ್ತು ಗಂಟೆ. ಎರಡನೆಯ ಪಾಠದಲ್ಲಿ ಪ್ರತಿ ಕೆಲಸಕ್ಕೂ ಪ್ರಶ್ನೆಗಳ ಸುರಿಮಳೆ: ಇದು ಬೇಕೇ? ಯಾಕೆ ಬೇಕು? ಎಲ್ಲಿ, ಯಾವಾಗ, ಯಾರು ಮಾಡಬೇಕು? ಬೇಡದ್ದನ್ನು ಬಿಡು, ಕೂಡಿಸು, ಕ್ರಮ ಬದಲಿಸು, ಸುಲಭ ಮಾಡು ಎಂಬುದು ಅದರ ಸಾರ. ಇಂದು ‘ಕೈಜೆನ್’, ಅಂದರೆ ನಿರಂತರ ಸುಧಾರಣೆ, ಎಂದು ಕಲಿಸುವುದರ ಒಂದು ಬೇರು ಇಲ್ಲಿದೆ. 1945ರಲ್ಲಿ ಯೋಜನೆ ಮುಚ್ಚುವ ಹೊತ್ತಿಗೆ 17 ಲಕ್ಷಕ್ಕೂ ಹೆಚ್ಚು ಜನ ಪ್ರಮಾಣಪತ್ರ ಪಡೆದಿದ್ದರು.

ಯುದ್ಧ ಮುಗಿಯಿತು, ಅಮೆರಿಕದ ಕಾರ್ಖಾನೆಗಳು ಈ ಪಾಠವನ್ನು ಮರೆತವು.

ಸೋತು ನೆಲಕಚ್ಚಿದ್ದ ಜಪಾನ್ ಅದನ್ನು ಕೈಬಿಡಲಿಲ್ಲ. ಸೋಲಿನ ನಂತರ ಅಲ್ಲಿದ್ದ ಅಮೆರಿಕದ ಆಡಳಿತದ ಮೂಲಕವೇ ಹೋದ ಟಿಡಬ್ಲ್ಯುಐ, 1950ರ ದಶಕದ ಆರಂಭದಲ್ಲಿ ಟೊಯೊಟಾ ಸೇರಿತು. 1950ರಲ್ಲಿ ಫೋರ್ಡ್ ಕಾರ್ಖಾನೆ ನೋಡಿ ಬಂದ ಕಂಪನಿಯ ಐಜಿ ಟೊಯೊಡಾ ಅಲ್ಲಿನ ಸಲಹಾ ಪೆಟ್ಟಿಗೆಯ ಕ್ರಮವನ್ನೂ ತಂದರು. ಕೆಲಸಗಾರರಿಂದ ಸುಧಾರಣೆಯ ಸಲಹೆ ಪಡೆಯುವ ಪದ್ಧತಿ 1951ರಲ್ಲೇ ಜಾರಿಗೆ ಬಂತು.

1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಕಾರ್ಖಾನೆ ತೆರೆದವು. ಅಲ್ಲಿಗಾಗಿ ಜಪಾನಿನ ಪಾಠಗಳನ್ನು ಹೊಂದಿಸುತ್ತಿದ್ದ ಅಮೆರಿಕದ ಜಾನ್ ಶುಕ್ ಒಂದು ಕಡೆ ತಡವರಿಸಿದಾಗ, ಜಪಾನಿ ಸಹೋದ್ಯೋಗಿ ಒಳಗಿನಿಂದ ತಂದುಕೊಟ್ಟದ್ದು ಹಳದಿಗಟ್ಟಿದ ಇಂಗ್ಲಿಷ್ ಕೈಪಿಡಿ. ಅದು ಟಿಡಬ್ಲ್ಯುಐನ ಮೂಲ ಪ್ರತಿ! ಟೊಯೊಟಾದ ಉತ್ಪಾದನಾ ಕ್ರಮಕ್ಕೆ ‘ಲೀನ್’ ಎಂಬ ಹೆಸರು ಬಂದದ್ದು ಆಮೇಲೆ, 1988ರ ಲೇಖನವೊಂದರಲ್ಲಿ ಸಂಶೋಧಕ ಜಾನ್ ಕ್ರಾಫ್‌ಸಿಕ್ ಅದನ್ನು ಬಳಸಿದಾಗ.

ಈ ಪರಂಪರೆಯ ಒಂದು ಕವಲು ಕರ್ನಾಟಕದಲ್ಲೂ ಇದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ, ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷ ವಸತಿ ಸಹಿತ ತರಬೇತಿ ಕೊಡುತ್ತಿದೆ. ಆದರೆ ಇದಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಗೋಡೆಗೆ ಜಪಾನಿ ಪದಗಳ ಬೋರ್ಡ್ ಹಾಕಿಸುವ ಮೊದಲು, ಪೀಣ್ಯದ ಸಣ್ಣ ಶೆಡ್ಡಿನ ಮಾಲೀಕರೂ ಒಂದು ವೈರಿನ ತುಂಡು ಹಿಡಿದು ಹೊಸ ಹುಡುಗನ ಪಕ್ಕ ಕೂತು ನೋಡಬೇಕು.