ಬ್ಯಾಂಕ್ (ಪದಮೂಲ)

ಬ್ಯಾಂಕ್ ಎಂಬ ಇಂಗ್ಲಿಷ್ ಪದಕ್ಕೆ ಹೊಳೆಯ ದಂಡೆ ಎಂದೂ ಹಣ ಇಡುವ ಸಂಸ್ಥೆ ಎಂದೂ ಅರ್ಥ. ಒಂದರ ಪಕ್ಕ ಒಂದು ಜೋಡಿಸಿಟ್ಟ ವಸ್ತುಗಳ ಸಾಲಿಗೂ ಅದೇ ಹೆಸರು. ನಿಘಂಟುಕಾರರು ಇವನ್ನು ಸಾಮಾನ್ಯವಾಗಿ ಬೇರೆ ಬೇರೆ ಪದಗಳೆಂದೇ ನಮೂದಿಸುತ್ತಾರೆ. ಆದರೆ ಎಲ್ಲದರ ಬೇರೂ ಜರ್ಮ್ಯಾನಿಕ್ ಭಾಷೆಗಳ ಒಂದೇ ಹಳೆಯ ಪದದಲ್ಲಿದೆ. ಏರಿ, ದಿಬ್ಬ, ಕೂರುವ ಹಲಗೆ ಎಲ್ಲವೂ ಅದರಿಂದಲೇ ಹುಟ್ಟಿದವು. ಕನ್ನಡಿಗರು ಇದಕ್ಕೆ ಅಚ್ಚರಿಪಡಬೇಕಿಲ್ಲ: ಕೆರೆಯ ನೀರು ತಡೆಯುವುದೂ ಕಟ್ಟೆ, ಅರಳಿಮರದ ಬುಡದಲ್ಲಿ ಕೂತು ಹರಟುವುದೂ ಕಟ್ಟೆ.

ದಂಡೆ ಎಂಬ ಅರ್ಥ ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದದ್ದೆಂದು ಊಹೆ. ಇಂಗ್ಲಿಷ್ ಬರಹಗಳಲ್ಲಿ ಅದು ಸುಮಾರು 1200ರಿಂದ ಸಿಗುತ್ತದೆ. ವಿಮಾನ ತಿರುಗುವಾಗ ಒಂದು ಮಗ್ಗುಲಿಗೆ ವಾಲುವುದನ್ನು ‘ಬ್ಯಾಂಕಿಂಗ್’ ಎನ್ನುವುದು ಈ ಇಳಿಜಾರಿನ ಅರ್ಥದಿಂದಲೇ.

ಹಣದ ಬ್ಯಾಂಕ್ ಸುತ್ತುದಾರಿ ಹಿಡಿದು ಬಂತು. ಜರ್ಮ್ಯಾನಿಕ್ ಪದ ಇಟಲಿಗೆ ಹೋಗಿ ‘ಬಾಂಕೊ’, ‘ಬಾಂಕಾ’ ಆಯಿತು. ಮಧ್ಯಯುಗದ ಇಟಲಿಯಲ್ಲಿ ಊರಿಗೊಂದು ನಾಣ್ಯ. ಫ್ಲಾರೆನ್ಸಿನ ವರ್ತಕನ ಹಣ ವೆನಿಸಿನಲ್ಲಿ ಚಲಾವಣೆಯಾಗಬೇಕಾದರೆ ಯಾರಾದರೂ ಅದನ್ನು ತೂಗಿ, ಬೆಲೆ ಕಟ್ಟಿ, ಸ್ಥಳೀಯ ನಾಣ್ಯ ಎಣಿಸಿ ಕೊಡಬೇಕು. ಆ ವಿನಿಮಯದಾರ ಸಂತೆಯಲ್ಲಿ ಮುಂದಿಟ್ಟುಕೊಂಡು ಕೂರುತ್ತಿದ್ದ ಹಲಗೆಯೇ ಬಾಂಕೊ. ಹಲಗೆಯ ಹೆಸರು ವ್ಯವಹಾರಕ್ಕೆ ಅಂಟಿ, ಫ್ರೆಂಚಿನ ಮೂಲಕ 15ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ದಾಟಿತು. ಗ್ರೀಕರು ಇಂದಿಗೂ ಬ್ಯಾಂಕಿಗೆ ‘ಟ್ರಾಪೆಜಾ’ ಎನ್ನುತ್ತಾರೆ; ಆ ಪದಕ್ಕೆ ಮೇಜು ಎಂದೂ ಅರ್ಥ.

ದಿವಾಳಿ ಎದ್ದವನನ್ನು ಹೇಳುವ ‘ಬ್ಯಾಂಕ್ರಪ್ಟ್’ ಮೂಲತಃ ಇಟಾಲಿಯನ್ನಿನ ‘ಬಾಂಕಾ ರೊತ್ತಾ’, ಅಂದರೆ ಮುರಿದ ಹಲಗೆ. ಸಾಲ ತೀರಿಸಲಾಗದವನ ಹಲಗೆಯನ್ನು ಜನ ನಿಜಕ್ಕೂ ಒಡೆದುಹಾಕುತ್ತಿದ್ದರು ಎಂಬ ಕಥೆ ಸೊಗಸಾಗಿದೆ, ನಂಬುವುದು ಕಷ್ಟ. ನಮ್ಮ ‘ದಿವಾಳಿ’ಗೂ ಇಂಥದೊಂದು ಕಥೆ ಅಂಟಿಕೊಂಡಿದೆ: ಮುಳುಗಿದ ಸಾಹುಕಾರ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದನಂತೆ.

ಹುಟ್ಟು ಹಾಕುವವರು ಕೂರುತ್ತಿದ್ದ ಹಡಗಿನ ಆಸನ ‘ಸಾಲು’ ಎಂಬ ಅರ್ಥ ಕೊಟ್ಟಿತು. ಔತಣದ ‘ಬ್ಯಾಂಕ್ವೆಟ್’ ಪುಟ್ಟ ಬೆಂಚು. ಬೆಂಚು ಎಂಬುದಂತೂ ಒಡಹುಟ್ಟಿದ ಪದವೇ. ಕೂಡಿಡುವ ಅರ್ಥ ಹಣವನ್ನೂ ಮೀರಿತು: 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ರಕ್ತ ಸಂಗ್ರಹಿಸಿಡುವ ಏರ್ಪಾಡು ಮಾಡಿದ ವೈದ್ಯ ಬರ್ನಾರ್ಡ್ ಫ್ಯಾಂಟಸ್ ಅದನ್ನು ‘ಬ್ಲಡ್ ಬ್ಯಾಂಕ್’ ಎಂದು ಕರೆದರು.

ಕರಾವಳಿಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲಿ ಈ ಪದ ಇರಲಿಲ್ಲ. ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂದಷ್ಟೇ ಇತ್ತು. ಅದು ಕೆನರಾ ಬ್ಯಾಂಕ್ ಆದದ್ದು 1910ರಲ್ಲಿ. ಬ್ಯಾಂಕು, ಬೆಂಚು ಎರಡನ್ನೂ ಕನ್ನಡ ಒಳಗೆ ಕರೆದುಕೊಂಡಿತು. ಹೊಳೆಯ ಬ್ಯಾಂಕಿಗೆ ಮಾತ್ರ ಇಲ್ಲಿ ಜಾಗವಾಗಲಿಲ್ಲ. ದಡ, ದಂಡೆ, ತೀರ ಮೊದಲೇ ಇದ್ದವು.