ನೋಯುವ ಬಾಯಿ: ಮುಂಬಯಿಯ ಮುದಿ ನಾಯಿಗಳ ಹಲ್ಲಿನ ಆರೈಕೆ

1832ರ ಜೂನ್‌ನಲ್ಲಿ ಮುಂಬಯಿ ಕೋಟೆಯ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದದ್ದು ನಾಯಿಗಳಿಗಾಗಿ. ತಲೆಗಿಷ್ಟು ಎಂದು ಇನಾಮು ಕೊಟ್ಟು ಸರಕಾರ ಬೀದಿನಾಯಿಗಳನ್ನು ಕೊಲ್ಲಿಸುತ್ತಿತ್ತು. ನಾಯಿಯದು ಹುಚ್ಚು ಹರಡುವ ಬಾಯಿ ಎಂಬ ಭಯ ಈ ನಗರದಲ್ಲಿ ಅಷ್ಟು ಹಳೆಯದು. ಅದು ನೋಯುವ ಬಾಯಿಯೂ ಹೌದು ಎಂದು ಹೊಳೆಯಲು ಬಹುಕಾಲ ಹಿಡಿಯಿತು. ಪರೇಲ್‌ನ ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ, 1886ರ ಪಶುವೈದ್ಯ ಕಾಲೇಜು ಎರಡೂ ತಲೆಯೆತ್ತಿದ್ದು ಕುದುರೆ ಟ್ರಾಮ್ ಎಳೆಯುತ್ತಿದ್ದ, ಎತ್ತು ಸರಕು ಹೊರುತ್ತಿದ್ದ ಕಾಲದಲ್ಲಿ. ಆಗ ಪ್ರಾಣಿಯ ಹಲ್ಲು ನೋಡುವುದೆಂದರೆ ಹೆಚ್ಚಾಗಿ ಸಂತೆಯಲ್ಲಿ ವಯಸ್ಸು ತಿಳಿಯುವುದು. ದುಡಿಯದ ನಾಯಿಯ ಮುಪ್ಪಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಈಗ ಆ ಲೆಕ್ಕ ಬದಲಾಗಿದೆ. ಮುಂಬಯಿಯದೇ ಪವಾಯಿಯಲ್ಲಿ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. 1891ರ ಕೆರೆ, 1958ರ ಐಐಟಿ, ಆಮೇಲೆ ಎದ್ದ ಎತ್ತರದ ಕಟ್ಟಡಗಳು. ಕಾಡಿನಂಚಿನ ಬೀದಿನಾಯಿ ಚಿರತೆಯ ಬಾಯಿಗೆ ಬೀಳುವ ಈ ಸೀಮೆಯಲ್ಲೇ, ಮಹಡಿ ಮನೆಯ ನಾಯಿ ಲಸಿಕೆ, ಹದವಾದ ಊಟ ಪಡೆದು ಹನ್ನೆರಡು ಹದಿಮೂರು ವರ್ಷ ಬಾಳುತ್ತದೆ. ಆಯುಷ್ಯ ಬೆಳೆದಂತೆ ಅದರ 42 ಹಲ್ಲುಗಳ ಬುಡದಲ್ಲಿ ಗಾರೆ ಕಟ್ಟುತ್ತದೆ, ವಸಡು ಕೊಳೆಯುತ್ತದೆ. ಬಾಯಿಯ ನಾತವನ್ನು ಮುಪ್ಪಿನ ವಾಸನೆಯೆಂದು ಮನೆಯವರು ಸಹಿಸಿಕೊಳ್ಳುತ್ತಾರೆ. ಒಂದೇ ಬದಿಯಲ್ಲಿ ಅಗಿಯುತ್ತ ನಾಯಿ ನೋವನ್ನು ನುಂಗಿಕೊಳ್ಳುತ್ತದೆ.

ಇದಕ್ಕೆ ಮದ್ದು ಅರಿವಳಿಕೆ ಕೊಟ್ಟು ಹಲ್ಲಿನ ಬುಡವನ್ನು ಶುಚಿಮಾಡಿಸುವುದು. ಈ ವಯಸ್ಸಿನಲ್ಲಿ ಅರಿವಳಿಕೆ ಕೊಡಿಸುವುದೇ ಎಂಬ ಆಕ್ಷೇಪ ಪ್ರೀತಿಯಿಂದ ಹುಟ್ಟಿದ್ದು, ಹಗುರವಾಗಿ ತಳ್ಳುವಂಥದ್ದಲ್ಲ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದ ಪ್ರಕಾರ ಅರಿವಳಿಕೆ ಅಥವಾ ಮಂಪರು ಪಡೆದ ಆರೋಗ್ಯವಂತ ನಾಯಿಗಳಲ್ಲಿ ಸತ್ತದ್ದು ಸುಮಾರು 2,000ಕ್ಕೆ ಒಂದು, ಕಾಯಿಲೆಯವುಗಳಲ್ಲಿ 75ಕ್ಕೆ ಒಂದು. ಮುಪ್ಪೂ ಅಪಾಯವನ್ನು ಹೆಚ್ಚಿಸಿತ್ತು. ಆದರೆ ಕಾಯಿಲೆಯನ್ನು ಮೊದಲೇ ಹುಡುಕಬಹುದು: ರಕ್ತಪರೀಕ್ಷೆಯಿಂದ ಮೂತ್ರಪಿಂಡ, ಯಕೃತ್ತು, ಸ್ಟೆತಸ್ಕೋಪಿನಿಂದ, ಬೇಕಾದರೆ ಎಕೋದಿಂದ ಹೃದಯ. ಕಂಡ ದೋಷಕ್ಕೆ ತಕ್ಕ ಔಷಧ, ಸಲೈನ್, ಉಸಿರಿನ ಕೊಳವೆ, ಮೈಬಿಸಿ ಆರದಂತೆ ಹೊದಿಕೆ, ರಕ್ತದೊತ್ತಡ ಮತ್ತು ಆಮ್ಲಜನಕದ ಮೇಲೆ ಸದಾ ಕಣ್ಣಿಡಲು ಒಬ್ಬರು. ಭದ್ರತೆ ಎಂದರೆ ಇಷ್ಟೂ ಸೇರಿದ್ದು. ಹಾಗಾದರೆ ಎಚ್ಚರವಿದ್ದಾಗಲೇ ಹಲ್ಲು ಕೆರೆಸಿದರಾಯಿತಲ್ಲ ಎನ್ನುವವರಿದ್ದಾರೆ. ಅದರಿಂದ ಹಲ್ಲು ಬೆಳ್ಳಗಾಗುತ್ತದೆ, ರೋಗವಿರುವ ವಸಡಿನ ಒಳಭಾಗ ಹಾಗೇ ಉಳಿಯುತ್ತದೆ. ಬಿಗಿಹಿಡಿದ ಮುದಿ ನಾಯಿಯ ಭಯ, ನೋವು ಬೇರೆ. ಬೇರಿನ ಸ್ಥಿತಿ ತಿಳಿಯಲು ಬೇಕಾದ ಎಕ್ಸ್‌ರೇಯನ್ನು ಎಚ್ಚರವಿರುವ ನಾಯಿಯ ಬಾಯೊಳಗೆ ತೆಗೆಯಲಾಗುವುದಿಲ್ಲ.

ಖರ್ಚಿನ ಮಾತೂ ನ್ಯಾಯವಾದದ್ದೇ. ಮರಿಯಿದ್ದಾಗಲೇ ದಿನವೂ ನಾಯಿಯ ಪೇಸ್ಟಿನಲ್ಲಿ ಹಲ್ಲುಜ್ಜುವ ರೂಢಿ ಬೆಳೆಸಿದರೆ ಆ ಖರ್ಚನ್ನು ಎಷ್ಟೋ ವರ್ಷ ಮುಂದೂಡಬಹುದು. ನಮ್ಮ ಪೇಸ್ಟ್ ಮಾತ್ರ ಬೇಡ. ಕೆಲವದರಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ.